ಡಿಂಪ್ನಾಳನ್ನು ಯಾರೂ ಕರೆದೊಯ್ಯಲಿಲ್ಲ

ಕ್ಲೂನ್‌ಬ್ರಾಕ್
ಅಕ್ಟೋಬರ್ 27, ಸೋಮವಾರ

ನನ್ನ ಬೆನ್ನಿಗೆ ಬಿದ್ದ ತಮ್ಮ ಕೋಲ್ಮನ್‌ಗೆ,

ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಎರಡು ಹೊಲ, ಒಂದು ಕಲ್ಲಿನ ಗೋಡೆ. ಕೂಗಿದರೆ ಕೇಳುತ್ತದೆ. ಆದರೂ ಕಾಗದ ಬರೆಯುತ್ತಿದ್ದೇನೆ, ಯಾಕೆಂದರೆ ಎದುರಿಗೆ ಕೂತರೆ ನೀನು ನನಗೆ ಮಾತಾಡಲು ಬಿಡುವುದಿಲ್ಲ. ಎರಡನೇ ಮಾತಿಗೆ ಒಂದು ತಮಾಷೆ ಹಾರಿಸುತ್ತೀ, ನಾನು ನಕ್ಕುಬಿಡುತ್ತೇನೆ, ಚಹಾ ಮುಗಿಯುತ್ತದೆ, ನೀನು ಟೊಪ್ಪಿ ಹಾಕಿಕೊಂಡು ಹೊರಡುತ್ತೀ. ಅರವತ್ತಾರು ವರ್ಷ ಹೀಗೇ ಆಯಿತು. ಕಾಗದವನ್ನು ನಗಿಸಲು ನಿನಗೂ ಬರುವುದಿಲ್ಲವಲ್ಲ.

ನಿನ್ನೆ ಮಧ್ಯಾಹ್ನ ಚರ್ಚಿನ ಸಭಾಂಗಣದಲ್ಲಿ ನೀನು ಮಕ್ಕಳಿಗೆ ಹ್ಯಾಲೋವೀನ್ ಕಥೆ ಹೇಳುವಾಗ ನಾನು ಹಿಂದಿನ ಬೆಂಚಿನಲ್ಲಿ ಕೋಟು ಬಿಚ್ಚದೆ ಕೂತಿದ್ದೆ. ಮೊದಲರ್ಧ ಚೆನ್ನಾಗಿತ್ತು, ಒಪ್ಪುತ್ತೇನೆ. ದನಗಳನ್ನು ಗುಡ್ಡದಿಂದ ಇಳಿಸಿ ಕೊಟ್ಟಿಗೆಗೆ ಕಟ್ಟುವ ಹೊತ್ತು, ಹಳಬರಿಗೆ ಅದೇ ವರ್ಷದ ಕಡೆಯ ಸಂಜೆ ಎಂದೆ. ಆ ಸಂಜೆ ಸತ್ತವರು ಮನೆಗೆ ಬರುತ್ತಾರೆ, ಅವರಿಗೆ ತಟ್ಟೆ ಇಡಬೇಕು, ಬಾಗಿಲಿಗೆ ಚಿಲಕ ಹಾಕಬಾರದು. ಅವರ ಹಿಂದೆಯೇ ಊರಾಚೆಯ ದಿಬ್ಬದೊಳಗಿನ ಕಾಣದ ಜನವೂ ಹೊರಗೆ ಬರುತ್ತದೆ, ಅವರಿಗೆ ಗುರುತು ಸಿಗದಿರಲಿ ಅಂತಲೇ ಮಕ್ಕಳು ಮುಖಕ್ಕೆ ಮಸಿ ಬಳಿದು, ಹುಲ್ಲು ಉಟ್ಟು ಮನೆಮನೆ ತಿರುಗುತ್ತಿದ್ದದ್ದು ಎಂದೆ. ಅಮೆರಿಕದವರು ಕುಂಬಳಕಾಯಿ ಕೊರೆದು ಒಳಗೆ ದೀಪ ಇಡುವ ಮೊದಲೇ ನಮ್ಮವರು ಟರ್ನಿಪ್ ಗೆಡ್ಡೆ ಕೊರೆಯಲು ಹೋಗಿ ಬೆರಳು ಕುಯ್ದುಕೊಳ್ಳುತ್ತಿದ್ದರು ಎಂದಾಗ ಮಕ್ಕಳು ನಕ್ಕವು. ನಾನೂ ನಕ್ಕೆ.

ಆಮೇಲೆ ನೀನು ಟೊಪ್ಪಿ ತೆಗೆದು ಎದೆಗೆ ಒತ್ತಿಕೊಂಡೆ. ಅದು ಬರುತ್ತದೆಂದು ನನಗೆ ಗೊತ್ತಿತ್ತು.

"ನನಗೊಬ್ಬಳು ಪುಟ್ಟ ತಂಗಿ ಇದ್ಲು ಮಕ್ಕಳೇ, ಡಿಂಪ್ನಾ ಅಂತ. ಐದೇ ವರ್ಷ. ಇಂಥದೇ ಸಂಜೆ, ಅಗೋ ಆ ದಿಬ್ಬದ ಹತ್ರ ಒಂದು ಬೆಳಕು ಎದ್ದಿತು ನೋಡಿ... ಅವರು ಬಂದು ಕರ್ಕೊಂಡು ಹೋಗ್ಬಿಟ್ರು."

ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೀ. ಬಸ್ಸಿನಲ್ಲಿ ಬಂದ ಪ್ರವಾಸಿಗರಿಗೂ ಹೇಳಿದ್ದೀ. ಪಕ್ಕದಲ್ಲಿ ಕೂತಿದ್ದ ಮಿಸೆಸ್ ಗಿಲ್‌ಹೂಲಿ ನನ್ನ ಕಡೆ ವಾಲಿ, "ಅಟ್ರಾಕ್ಟಾ, ನಿನ್ ತಮ್ಮ ಬಾಯಿ ತೆಗೆದ್ರೆ ನನ್ ಮೈಯೆಲ್ಲ ಮುಳ್ಳಾಗುತ್ತೆ ಕಣೇ. ಪಾದ್ರಿ ಆಗಿದ್ದಿದ್ರೆ ಚರ್ಚಲ್ಲಿ ನಿಲ್ಲಕ್ಕೂ ಜಾಗ ಸಿಗ್ತಿರಲಿಲ್ಲ" ಎಂದಳು.

ಕಥೆ ಮುಗಿದ ಮೇಲೆ ನಿನ್ನ ಮೊಮ್ಮಗಳು ಮುರನ್ ಬಂದು ನನ್ನ ತೊಡೆ ಏರಿದಳು. ಆರು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಕಿವಿಗೆ ಬಾಯಿಟ್ಟು ಏನು ಹೇಳಿದಳು ಗೊತ್ತೇ? "ಅಜ್ಜಿ, ತಾತ ನಂಗೂ ಹುಲ್ಲಿನ ಲಂಗ ಮಾಡ್ತಿದಾರೆ, ಡಿಂಪ್ನಾದು ಇತ್ತಲ್ಲ, ಅಂಥದ್ದೇ. ಟರ್ನಿಪ್ ದೀಪಾನೂ ಕೊಡ್ತಾರಂತೆ, ನಿಜವಾದ ಮೇಣದಬತ್ತಿ ಹಚ್ಚಿ. ಅವ್ರು ನನ್ನೂ ಕರ್ಕೊಂಡ್ ಹೋದ್ರೆ ನಾನು ಡಿಂಪ್ನಾ ಜೊತೆ ಆಡ್ತೀನಿ. ಅಮ್ಮಂಗೆ ಹೇಳ್ಬೇಡ, ಆಯ್ತಾ?"

ಬಾಗಿಲ ಹತ್ತಿರ ನಿನ್ನನ್ನು ತಡೆದು, ಮಗುವಿಗೆ ಬ್ಯಾಟರಿ ದೀಪ ಕೊಡೋ ಎಂದು ಬೇಡಿಕೊಂಡೆ. "ಬ್ಯಾಟರಿ ದೀಪಕ್ಕೆ ಯಾವ ದೆವ್ವ ಹೆದರುತ್ತೆ ಅಕ್ಕಾ? ಹೆದರೋದು ನೀನೊಬ್ಳೇ!" ಎಂದೆ ನೀನು. ಎಲ್ಲರೂ ನಕ್ಕರು. ಈ ಸಲ ನಾನು ನಗಲಿಲ್ಲ. ನೀನು ಗಮನಿಸಿದೆಯೋ ಇಲ್ಲವೋ.

ಹಾಗಾದರೆ ಈಗ ನನ್ನ ಕಥೆ ಕೇಳು.

ನನಗೆ ಹನ್ನೊಂದು, ನಿನಗೆ ಎಂಟು. ಓಟ್ಸ್ ಹುಲ್ಲಿನಲ್ಲಿ ಆ ಲಂಗ ಹೆಣೆದವಳು ನಾನು. ಸೊಂಟದಿಂದ ಜಾರುತ್ತದೆ ಅಂತ ಡಿಂಪ್ನಾ ಅತ್ತಳು. ದಾರಕ್ಕೆ ಗಂಟಿನ ಮೇಲೆ ಗಂಟು ಬಿಗಿದೆ. ದಿಬ್ಬದ ಹತ್ತಿರ ಅಲ್ಲ ಕೋಲ್ಮನ್. ದಿಬ್ಬದವರೆಗೆ ನಾವು ಹೋಗಲೇ ಇಲ್ಲ. ನಮ್ಮದೇ ಅಂಗಳದ ಗೇಟಿನ ಬಳಿ. ಟರ್ನಿಪ್ ದೀಪ ನಿನ್ನ ಕೈಯಲ್ಲಿತ್ತು. "ಅಲ್ಲಾಡ್ಬೇಡ್ವೇ, ಗೋಡೆ ಮೇಲೆ ನಿನ್ನ ರಾಕ್ಷಸಿ ಮಾಡ್ತೀನಿ" ಎನ್ನುತ್ತ ನೀನು ಅವಳ ಹಿಂದೆ ಬಗ್ಗಿ ದೀಪ ಹಿಡಿದೆ. ತನ್ನ ನೆರಳು ಕಂಡು ಅವಳು ಕಿಲಕಿಲ ನಕ್ಕಳು. ನಗುತ್ತ ಕುಣಿದಳು. ಹುಲ್ಲು ಹತ್ತಿಕೊಂಡದ್ದು ಅವಳಿಗಿಂತ ಮೊದಲು ನನಗೆ ಕಂಡಿತು.

ಓಡಿಹೋಗಿ ಗಂಟಿಗೆ ಕೈ ಹಾಕಿದೆ. ನಾನೇ ಹಾಕಿದ ಗಂಟು. ಬಿಚ್ಚಿಕೊಳ್ಳಲಿಲ್ಲ. ಅವಳು ಕೊಸರಿಕೊಂಡು ಓಡಿದಳು. ಓಡಿದಷ್ಟೂ ಉರಿ ಹೆಚ್ಚಿತು. ನೆಲಕ್ಕೆ ಕೆಡವಿ ಉರುಳಿಸಬೇಕು, ಕಂಬಳಿ ಸುತ್ತಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದಿಬ್ಬದವರು ಮುಟ್ಟದ ಹಾಗೆ ಜೇಬಿನಲ್ಲಿ ಉಪ್ಪು ಇಟ್ಟುಕೊಳ್ಳಿ ಎಂದು ಮಾತ್ರ ಹೇಳಿಕೊಟ್ಟಿದ್ದರು. ಮೂವರ ಜೇಬಿನಲ್ಲೂ ಉಪ್ಪಿತ್ತು.

ಮೂರು ದಿನ ಜೀವ ಹಿಡಿದಿದ್ದಳು. ಅವಳು ಹೋದ ಮೇಲೆ ನೀನು ಮಾತು ಬಿಟ್ಟೆ, ಊಟ ಬಿಟ್ಟೆ, ಮಂಚದ ಕೆಳಗೆ ಸೇರಿಕೊಂಡೆ. ಒಂದು ಬೆಳಿಗ್ಗೆ ಅಮ್ಮ ನಿನ್ನನ್ನು ಹೊರಗೆಳೆದು ಮಡಿಲಿಗೆ ಹಾಕಿಕೊಂಡು, "ನೀನಲ್ಲ ಮಗಾ. ಅವರು ಬಂದು ಕರ್ಕೊಂಡು ಹೋದ್ರು" ಎಂದಳು. ಹೇಳುತ್ತ ನಿನ್ನ ತಲೆಯ ಮೇಲಿಂದ ನನ್ನನ್ನು ನೋಡಿದಳು. ನನಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡೆ. ನನಗೆ ಮಾತ್ರ ಯಾರೂ "ನೀನಲ್ಲ" ಎನ್ನಲಿಲ್ಲ.

ಅದು ಔಷಧಿ ಕಣೋ. ಇರುವ ಒಬ್ಬ ಮಗನಾದರೂ ಬದುಕಲಿ ಎಂದು ಅಮ್ಮ ಸುಳ್ಳಿನಲ್ಲಿ ಅರೆದು ಕುಡಿಸಿದ್ದು. ಅದನ್ನು ನೀನು ಊರ ಮಕ್ಕಳಿಗೆ ಮಿಠಾಯಿಯ ಹಾಗೆ ಹಂಚುತ್ತಿದ್ದೀ.

ಎಂಟು ವರ್ಷದ ಹುಡುಗನ ಮೇಲೆ ನನಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಸಿಟ್ಟು ಇರುವುದು ಎಪ್ಪತ್ತನಾಲ್ಕರ ಮುದುಕನ ಮೇಲೆ. ಊರ ಮಕ್ಕಳ ವೇಷವನ್ನೆಲ್ಲ ನಾನು ಹೊಲಿಯುವುದು ಖುಷಿಗೆ ಅಂತ ಜನ ತಿಳಿದಿದ್ದಾರೆ. ಬೇಗ ಬೆಂಕಿ ಹತ್ತದ ಉಣ್ಣೆಯ ಬಟ್ಟೆ, ಕಾಲಿಗೆ ತೊಡರದ ಅಂಚು, ರಸ್ತೆಯಲ್ಲಿ ಕಾರಿನವರಿಗೆ ಕಾಣುವಂತೆ ಬೆನ್ನಿಗೆ ಬಿಳಿ ಪಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು. "ಅಟ್ರಾಕ್ಟಾ ಹೊಲಿದ ದೆವ್ವಕ್ಕೆ ದೆವ್ವದ ಲಕ್ಷಣಾನೇ ಇರಲ್ಲ" ಅಂತ ನೀನೇ ಗೇಲಿ ಮಾಡಿದ್ದೀ. ಇರಬಹುದು. ಆದರೆ ನನ್ನ ದೆವ್ವಗಳೆಲ್ಲ ರಾತ್ರಿ ಊಟಕ್ಕೆ ಮನೆಗೆ ವಾಪಸ್ ಬಂದಿವೆ.

ಮುರನ್‌ಗೂ ಒಂದು ಬೂದು ಗೂಬೆಯ ವೇಷ ಹೊಲಿದಿಟ್ಟಿದ್ದೇನೆ. ಆ ಹುಲ್ಲಿನ ಲಂಗವನ್ನು ನಾಳೆಯೇ ಕತ್ತೆಯ ಮುಂದೆ ಹಾಕು. ಶುಕ್ರವಾರ ಮಕ್ಕಳು ಮನೆಮನೆಗೆ ಹೊರಡುವ ಮೊದಲು ಸಭಾಂಗಣದಲ್ಲಿ ಮತ್ತೆ ಕಥೆ ಹೇಳುತ್ತೀಯಂತೆ. ದಿಬ್ಬದ ಕಥೆ ಬೇಡ, ಗೇಟಿನ ಕಥೆ ಹೇಳು. ದೀಪ ಯಾರ ಕೈಯಲ್ಲಿತ್ತು ಹೇಳು. ಗಂಟು ಯಾರು ಹಾಕಿದ್ದು ಅಂತಲೂ ಹೇಳು, ನನ್ನನ್ನು ಬಿಟ್ಟುಕೊಡಲು ಹಿಂಜರಿಯಬೇಡ. ಮಕ್ಕಳು ಹೆದರುತ್ತವೆ ಎನ್ನುತ್ತೀಯಾ? ಹೆದರಲಿ. ನೀನು ಬಾಯಿ ಬಿಡದಿದ್ದರೆ ನಾನು ಎದ್ದು ನಿಲ್ಲುತ್ತೇನೆ. ನಿನ್ನಷ್ಟು ಚೆಂದ ಹೇಳಲು ನನಗೆ ಬರುವುದಿಲ್ಲ, ಆದರೆ ನನಗೆ ನಾಲ್ಕು ಮಾತು ಸಾಕು.

ಆ ಸಂಜೆ ಎಂದಿನಂತೆ ಆಲೂಗಡ್ಡೆ, ಎಲೆಕೋಸು ಬೇಯಿಸಿ ಬೆಣ್ಣೆ ಹಾಕಿ ಕಲಸುತ್ತೇನೆ. ಅಮ್ಮನಿಗೊಂದು ತಟ್ಟೆ, ಡಿಂಪ್ನಾಳಿಗೊಂದು. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ನಿಜ ಹೇಳಿ ಬಂದರೆ ಇನ್ನೊಂದು ತಟ್ಟೆ ಇಡುತ್ತೇನೆ. ಹೇಳದಿದ್ದರೆ ನಿನ್ನ ಮನೆಯಲ್ಲೇ ಉಂಡು ಮಲಗು. ಡಿಂಪ್ನಾಳ ಎದುರಿಗೆ ನಿನ್ನನ್ನು ಕೂರಿಸುವುದು ನನ್ನಿಂದಾಗದು.

ನಿನ್ನ ಮೊಮ್ಮಗಳು ಮೈಮೇಲೆ ಒಂದೂ ಸುಟ್ಟ ಕಲೆಯಿಲ್ಲದೆ ನನ್ನ ಹಾಗೆ ಹಣ್ಣು ಮುದುಕಿಯಾಗಲಿ. ನಿನಗೆ ನಾಲಿಗೆ ಕೊಟ್ಟ ದೇವರು ಶುಕ್ರವಾರ ಒಂದು ಗಳಿಗೆ ಧೈರ್ಯವನ್ನೂ ಕೊಡಲಿ.

ಗಂಟು ಹಾಕಿದವಳು,
ನಿನ್ನ ಅಕ್ಕ
ಅಟ್ರಾಕ್ಟಾ