ಒಂದು ಸಲಕ್ಕೆ ಒಂದೇ ಕಾಯಿಲೆ ಎಂಬ ನಿಯಮ

ಕಣ್ಣಿನ ಚಿಕಿತ್ಸೆಗೆ ಅನುಮತಿ ಕೊಡುವ ವಿಮಾ ಕಚೇರಿಯ ಮುಖ್ಯಸ್ಥರೇ,

ನಿಮ್ಮ ಕಚೇರಿಯ ಪ್ರಕಾರ ನನ್ನ ಮಗಳು ಕಿನಾಸಿಹ್‌ಗೆ ಇರಬೇಕಾದ್ದಕ್ಕಿಂತ ಒಂದು ಕಾಯಿಲೆ ಜಾಸ್ತಿಯಿದೆ. ಅಲರ್ಜಿಯಿಂದ ಅವಳ ಕಣ್ಣಿಗೆ ವರ್ಷವಿಡೀ ತುರಿಕೆ. ಜೊತೆಗೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ತೆಳುವಾಗುತ್ತಾ ಮುಂದಕ್ಕೆ ಉಬ್ಬುತ್ತಿದೆ. ಉಜ್ಜಿದಷ್ಟೂ ಉಬ್ಬುತ್ತದೆ. ಎಡಗಣ್ಣು ಆಗಲೇ ಮಸುಕಾಗಿದೆ. ಬಲಗಣ್ಣನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ. ಆ ಸಮಯವನ್ನು ನೀವು ತಿನ್ನುತ್ತಿದ್ದೀರಿ.

ಪೆಕಲೋಂಗನ್ ಊರಿನ ನಮ್ಮ ಓಣಿಯಲ್ಲಿ ಮನೆಮನೆಯಲ್ಲೂ ಬಟ್ಟೆಗೆ ಮೇಣದಲ್ಲಿ ಚಿತ್ತಾರ ಬರೆಯುವ ಬಾತಿಕ್ ಕೆಲಸ, ಕಾದ ಮೇಣದ ಹೊಗೆ. ಮಗಳನ್ನು ಒಲೆಯಿಂದ ದೂರ ಕೂರಿಸಿದ್ದೇನೆ. ಆದರೂ ದಿನವಿಡೀ "ಕೈ ಇಳಿಸೇ!" ಎಂದು ಗದರುವುದೇ ನನ್ನ ಪಾಡು. "ನಿನ್ ಕಣ್ಣೊಳಗೆ ಇರುವೆ ಬಿಟ್ಕೊಂಡು ಆಮೇಲೆ ಹೇಳಮ್ಮಾ" ಎನ್ನುತ್ತಾಳೆ.

ವೈದ್ಯೆ ಸ್ಪಷ್ಟವಾಗಿಯೇ ಹೇಳಿದರು: "ತುರಿಕೆಗೆ ಹಾಕೋ ಹನಿ ನಿಲ್ಲಿಸ್ಬಾರ್ದು. ಕಾರ್ನಿಯಾ ಗಟ್ಟಿ ಮಾಡೋ ಚಿಕಿತ್ಸೆನೂ ಈಗ್ಲೇ ಆಗ್ಬೇಕು. ಇನ್ನೂ ತೆಳುವಾದ್ರೆ ಅದನ್ನ ಮಾಡೋಕೂ ಆಗಲ್ಲ." ನಿಮ್ಮ ಗುಮಾಸ್ತರೂ ಅಷ್ಟೇ ಸ್ಪಷ್ಟವಾಗಿ ಹೇಳಿದರು: "ಅಮ್ಮಾ, ಒಂದ್ಸಲಕ್ಕೆ ಒಂದೇ ಕಾಯಿಲೆ. ಅಲರ್ಜಿ ವಾಸಿಯಾಯ್ತು ಅಂತ ಬರೆಸ್ಕೊಂಡ್ ಬನ್ನಿ, ಆಮೇಲೆ ಕಾರ್ನಿಯಾ ನೋಡೋಣ."

ಮಾನ್ಯರೇ, ಅವಳ ಅಲರ್ಜಿ ಹನಿಯಿಂದ ಅಷ್ಟಿಷ್ಟು ಹತೋಟಿಯಲ್ಲಿದೆ, ಸದ್ಯಕ್ಕೆ ವಾಸಿಯಾಗುವಂಥದ್ದಲ್ಲ. ವಾಸಿಯಾಯಿತೆಂದು ಬರೆಸಿದರೆ ನೀವು ಹನಿ ಕೊಡುವುದು ನಿಲ್ಲುತ್ತದೆ. ಹನಿ ನಿಂತರೆ ಅವಳು ಇನ್ನೂ ಹೆಚ್ಚು ಉಜ್ಜುತ್ತಾಳೆ. ಆಮೇಲೆ ನೀವು ನೋಡುವುದಕ್ಕೆ ಏನು ಉಳಿದಿರುತ್ತದೆ? ನಿಮಗೆ ಹಲ್ಲುನೋವಿನ ಜೊತೆ ಜ್ವರವೂ ಬಂದರೆ ಯಾವುದಕ್ಕೆ ಹೊರಗೆ ಕಾಯಲು ಹೇಳುತ್ತೀರಿ? ಇಂಥ ನಿಯಮ ಬರೆದ ಪುಣ್ಯಾತ್ಮರ ಎರಡು ಕಣ್ಣೂ ಚೆನ್ನಾಗಿರಬೇಕು.

ಶುಕ್ರವಾರ ಬಂದರೆ ನೀವೂ ನಿಮ್ಮ ಕಚೇರಿಯವರೂ ಬಾತಿಕ್ ಅಂಗಿ ತೊಡುತ್ತೀರಿ. ಕೈಯಲ್ಲಿ ಬರೆದ ಅಂಗಿಯಾದರೆ ಒಳಬದಿ ತಿರುವಿ ನೋಡಿ. ನಾವು ಬಟ್ಟೆಯ ಎರಡೂ ಬದಿಗೆ ಮೇಣ ಹಾಕುತ್ತೇವೆ. ಒಂದು ಬದಿ ಬಿಟ್ಟರೆ ಬಣ್ಣ ಹಿಂದಿನಿಂದ ನುಗ್ಗಿ ಚಿತ್ತಾರವನ್ನೆಲ್ಲ ಕೆಡಿಸುತ್ತದೆ. ಅಂಥ ಅಂಗಿ ಕೊಟ್ಟಿದ್ದರೆ ನನ್ನ ಮುಖಕ್ಕೆ ಎಸೆಯುತ್ತಿದ್ದಿರಿ, ನಾನು ಬೇರೆ ಬರೆದುಕೊಡುತ್ತಿದ್ದೆ. ಬೇರೆ ಕಣ್ಣು ಬರೆದುಕೊಡಲು ನನಗೆ ಬರುವುದಿಲ್ಲ.

ಎರಡೂ ಚಿಕಿತ್ಸೆಗೆ ಒಟ್ಟಿಗೇ ಅನುಮತಿ ಕೊಡಿ, ಈ ವಾರವೇ ಕೊಡಿ. ವಾಸಿಯಾಯಿತೆಂಬ ಸುಳ್ಳನ್ನು ನಾನು ಬರೆಸುವುದಿಲ್ಲ. ಶುಕ್ರವಾರ ಮಗಳನ್ನು ಕರೆತಂದು ನಿಮ್ಮ ಎದುರಿಗೇ ಕೂರುತ್ತೇನೆ. ಅನುಮತಿ ಸಿಗದೆ ಏಳುವವಳಲ್ಲ. ಅಲ್ಲಿಯವರೆಗೆ ಅವಳು ಕಣ್ಣುಜ್ಜದಂತೆ ಅವಳ ಎರಡೂ ಕೈ ಹಿಡಿದುಕೊಂಡಿರುತ್ತೇನೆ.

ಇಂತಿ,
ಒಂದೇ ಕಾಯಿಲೆಯ ಮಗಳನ್ನು ಹೆರಲು ಮರೆತ ತಾಯಿ,
ಸುವಾರ್ನಿ