ಅಳಿಯನ ತಾಟಿನ ಪ್ಯಾನ್‌ಕೇಕ್

೧೨ ನವೆಂಬರ್, ಬುಧವಾರ. ಆಳಂದ.

ಸಿಟ್ಟು ಇನ್ನೂ ಇಳಿದಿಲ್ಲ. ಭಾವನ ಒಂದೇ ಕೈ ಸುಟ್ಟು ಸುಮ್ಮನಾದೆನಲ್ಲ ಎಂದು.

ಮೊನ್ನೆ ಅಕ್ಕ ಶಾಂಭವಿ ಅಫಜಲಪುರದಿಂದ ದವಡೆ ಬಾತುಕೊಂಡು ಬಂದಳು. ಗಂಡ ಹೊಡೆದದ್ದು. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೂ ಅಗಿಯಲಾಗದೆ ಅಳುತ್ತಾಳೆ. ಅದಕ್ಕೇ ಇವತ್ತು ಫೋನಿನಲ್ಲಿ ನೋಡಿ ಪ್ಯಾನ್‌ಕೇಕ್ ಮಾಡಲು ನಿಂತೆ. ಮೈದಾ, ಮೊಸರು, ಸೋಡಾ. ಹಿಟ್ಟು ಹೆಚ್ಚು ಕಲಸಬೇಡಿ, ಗಟ್ಟಿಯಾಗುತ್ತದೆ ಎಂದಳು ವಿಡಿಯೊದವಳು. ರೊಟ್ಟಿ ಬಡಿದ ಕೈ ಕೇಳಬೇಕಲ್ಲ? ಭಾವನ ಮುಖ ನೆನೆದು ಗರಗರ ತಿರುವಿದೆ. ಚಪ್ಪಲಿಯಂತಾದವು. ಎರಡನೆಯ ಸಲ ಹಲ್ಲು ಕಚ್ಚಿಕೊಂಡು ಮೆಲ್ಲಗೆ ಕಲಸಿದೆ. ಹತ್ತಿಯಂತೆ ಉಬ್ಬಿದವು.

ಅಷ್ಟರಲ್ಲಿ ಭಾವ ಸಂಜುಕುಮಾರ ಅವಳನ್ನು ಕರೆದೊಯ್ಯಲು ಬಂದ. ಅವ್ವ ಅವನನ್ನು ಅಡುಗೆಮನೆಯಲ್ಲೇ ಕೂರಿಸಿ, ಆ ಮೆತ್ತನೆಯವನ್ನೆಲ್ಲ ಅವನ ತಾಟಿಗೆ ಹಾಕಿದಳು.

"ಯವ್ವಾ, ಅವು ಅಕ್ಕಗ ಮಾಡಿದ್ದು."

"ಅಳಿಯಾ ಬಂದಾರ, ಮೊದ್ಲ ಅವರು ತಿನ್ಲಿ. ಸುಮ್ಕಿರು."

ಅವನು ನಕ್ಕ. "ನಿಮ್ಮಕ್ಕಗೂ ಇಷ್ಟ ಮೆತ್ತಗ ಮಾಡೋದು ಕಲಿಸು. ಹೊಡೆತ ತಪ್ತಾವ."

ತವೆಯ ಮೇಲೆ ಕಾದಿದ್ದ ಸಟ್ಟುಗವನ್ನು ಅವನ ಕೈಮೇಲೆ ಒತ್ತಿ ಹಿಡಿದೆ. ಚರ್ಮ ಚುರ್ ಎಂದಿತು. ಅವನು ಕಿರುಚುತ್ತ ಬಚ್ಚಲಿಗೆ ಓಡಿದ. ಟೂತ್‌ಪೇಸ್ಟ್ ಹಿಡಿದು ಅವ್ವ ಹಿಂದೆಯೇ ಓಡಿದಳು. ಮಗಳ ದವಡೆಗೆ ಅರಿಶಿನ ಕೂಡ ಹಚ್ಚದವಳು!

ಮೂಲೆಯಲ್ಲಿದ್ದ ಅಕ್ಕ ಏಳಲಿಲ್ಲ. ಅವನ ತಾಟನ್ನು ತನ್ನ ಕಡೆ ಎಳೆದುಕೊಂಡಳು. ಒಂದು ಚೂರು ಮುರಿದು ಬಾಯಿಗಿಟ್ಟು, ನಿಧಾನಕ್ಕೆ ನುಂಗಿದಳು. ಬಚ್ಚಲಿನಿಂದ ಅವನ ಬೈಗುಳ ಕೇಳುತ್ತಲೇ ಇತ್ತು.

"ಮೆತ್ತಗದಾವ, ಶೈಲಾ," ಎಂದಳು. "ಇನ್ನೊಂದೆರಡು ಹಾಕು. ಸಟ್ಟುಗ ಆರಗೊಡಬ್ಯಾಡ."