ಮನೆಯಲ್ಲಿ ಮೂವರು

ಕಪಿಲ,

ಚಿಂಚೋಳಿಯ ಮೊದಲ ಬಸ್ಸಿಗೆ ಹೊರಟಿದ್ದೇನೆ. ಅಲ್ಲಿಯ ಕ್ಷಯರೋಗದ ಸಮೀಕ್ಷೆ ಮುಗಿಸಿ ಶನಿವಾರ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿಪಲ್ಯ ಬಿಸಿ ಮಾಡಿಕೋ.

ಅವ್ವನ ತಲೆದಿಂಬಿನ ಪಕ್ಕ ಮುಚ್ಚಳದ ಡಬ್ಬಿ ಇಟ್ಟಿದ್ದೇನೆ. ಎದ್ದ ಕೂಡಲೇ ಅದರಲ್ಲಿ ಕಫ ತೆಗೆಯಲಿ. ಬರೀ ಉಗುಳಲ್ಲ, ಎದೆಯಿಂದ ಕೆಮ್ಮಿ ತೆಗೆದ ಕಫವೇ ಬೇಕು. ಹತ್ತು ಗಂಟೆಯೊಳಗೆ ಅದನ್ನು ದವಾಖಾನೆಗೆ ನೀನೇ ಒಯ್ಯಬೇಕು, ತಂಗಿ ಪೂನಮ್‌ಳನ್ನು ಕಳಿಸಬೇಡ. "ಫರಸಿ ಕಲ್ಲಿನ ಧೂಳ ಅಕ್ಕಾ, ಶಹಾಬಾದದಾಗ ಯಾರಿಗಿ ಕೆಮ್ಮ ಇಲ್ಲ?" ಎಂದು ಮತ್ತೆ ಶುರು ಮಾಡಬೇಡ. ಮೂರು ತಿಂಗಳಿಂದ ಅದನ್ನೇ ಕೇಳಿದ್ದೇನೆ.

ಹಿಂದಿನ ಕೋಣೆಯ ಕಿಟಕಿಗೆ ನೀನು ಹೊಡೆದ ಮೊಳೆ ಕಿತ್ತು ಹಾಕು. ಪೂನಮ್‌ಳನ್ನು ನೋಡಲು ಬರುವ ಚಿತ್ತಾಪುರದ ಗಂಡಿನವರಿಗೆ ಕೆಮ್ಮು ಕೇಳಿಸಿದರೆ ಕೇಳಿಸಲಿ.

ಇಲ್ಲಿಯ ಸಮೀಕ್ಷೆಗೆ ಆಯ್ಕೆಯಾದ ಮನೆಗಳಲ್ಲಿ ನಮ್ಮದೂ ಒಂದು ಎಂಬುದು ನಿನಗೆ ಗೊತ್ತು. ನೀನು ಹೇಳಿ ಬರೆಸಿದ ಫಾರ್ಮು ನಿನ್ನೆ ನನ್ನ ಮೇಜಿಗೇ ಬಂತು. ಕೆಮ್ಮುವವರು: ಯಾರೂ ಇಲ್ಲ. ಆ ಸುಳ್ಳು ನಾನು ನಿರೀಕ್ಷಿಸಿದ್ದೇ. ಅದರ ಮೇಲಿನ ಸಾಲು ಓದಿದೆ. ಮನೆಯಲ್ಲಿರುವವರು: ಮೂವರು. ನೀನು, ನಾನು, ಪೂನಮ್.

ಕೆಮ್ಮು ಮುಚ್ಚಿಡಲು ಅವ್ವನನ್ನೇ ಅಳಿಸಿದೆಯಲ್ಲೋ.

ಫಾರ್ಮು ತುಂಬಿದ ಅಂಬರಾಯ ಗುರುವಾರ ಮತ್ತೆ ಬರುತ್ತಾನೆ. ಅವ್ವನನ್ನು ಅವನ ಎದುರಿಗೇ ಕೂರಿಸು. ಪಾಪ, ಅವನಿಗೆ ಅನುಮಾನವೇ ಇಲ್ಲ. "ನಿಮ್ಮ ಮನ್ಯಾಗ ಚಹಾ ಭಾಳ ಛಲೋ ಇತ್ತರಿ ಮೇಡಂ, ತಂಗಿಯವ್ರು ಮಾಡಿದ್ರೇನು?" ಎಂದು ಕೇಳಿದ.

ಪೂನಮ್ ಆಗ ಕಾಲೇಜಿನಲ್ಲಿದ್ದಳು, ನಾನು ಕಚೇರಿಯಲ್ಲಿದ್ದೆ. ನಿನಗೆ ಚಹಾ ಮಾಡಲು ಬರುವುದಿಲ್ಲ.

ಅಕ್ಕ